ಸಂತಾನಾಪೇಕ್ಷೆಯೂ ದಿನಚರಿಯೂ

(ಉಪ್ಪಲ್ ಬಡಾವಣೆಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾವು ಉಳಿತಾಯದ ವಿಷಯವನ್ನೋ ಸಾಲದ ಬಡ್ಡಿಯ ವಿಷಯವನ್ನೋ ಹೇಳುವೆವೆಂದು ಅವರು ಭಾವಿಸಿದ್ದಿರಬೇಕು. ಬ್ಯಾಂಕಿನ ಗುಮಾಸ್ತರಿಂದ ಮತ್ತೇನನ್ನು ತಾನೆ ನಿರೀಕ್ಷಿಸಲಾದೀತು? ಆದರೆ ನಾವು ಆರಿಸಿಕೊಂಡಿರುವ ವಿಷಯ ಬೇರೆ. ಮಗುವನ್ನು ಬಯಸುವ ದಂಪತಿಗಳು, ಆ ಬಯಕೆ ಕೈಗೂಡುವ ಸಂಭವವನ್ನು ಹೆಚ್ಚಿಸಿಕೊಳ್ಳಲು ತಮ್ಮ ದಿನಚರಿಯಲ್ಲಿ ಏನನ್ನು ಮಾಡಬೇಕು, ಏನನ್ನು ಬಿಡಬೇಕು ಎಂಬುದೇ ಆ ವಿಷಯ.

ನಾವು ವೈದ್ಯರಲ್ಲ, ಓದಿದ್ದು ಬಿ.ಕಾಂ. ಹೀಗಿದ್ದೂ ಈ ಮಾತಿಗೆ ಏಕೆ ತೊಡಗಿದೆವೆಂದು ತಾವು ಕೇಳಬಹುದು. ಒಡವೆ ಸಾಲದ ಮೇಜಿನ ಮುಂದೆ ಕುಳಿತವರಿಗೆ ಜನರ ಕಷ್ಟಗಳು ತಾವಾಗಿಯೇ ತಿಳಿಯುತ್ತವೆ. ಸಾಲ ಯಾತಕ್ಕೆಂದು ಅರ್ಜಿಯಲ್ಲಿ ಒಂದು ಸಾಲು ಬರೆಯಬೇಕು. ಕೈಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟ ಹೆಣ್ಣುಮಗಳು ಆ ಸಾಲಿಗೆ ಬಂದಾಗ ದನಿಯನ್ನು ತಗ್ಗಿಸಿ "ಔಷಧಕ್ಕೆ" ಎನ್ನುತ್ತಾಳೆ. ಯಾವ ಔಷಧವೆಂದು ನಾವು ಕೇಳುವುದಿಲ್ಲ, ಆದರೆ ಹೇಳಿಬಿಡುವವರುಂಟು. ಮದುವೆಯಾಗಿ ಐದು ವರ್ಷ, ಆರು ವರ್ಷ. ಈ ಊರಿನ ಆಸ್ಪತ್ರೆ, ಆ ಊರಿನ ನಾಟಿ ಮದ್ದು. "ಯಜಮಾನರ ಪರೀಕ್ಷೆ ಆಗಿದೆಯೇನಮ್ಮ?" ಎಂಬ ಪ್ರಶ್ನೆ ನಮ್ಮ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಕೌಂಟರಿನಲ್ಲಿ ಅದನ್ನು ಕೇಳುವ ಅಧಿಕಾರ ನಮಗಿಲ್ಲ. ಇಲ್ಲಿ ಎಲ್ಲರೂ ನಮ್ಮವರೇ ಆದ್ದರಿಂದ ಕೇಳುತ್ತಿದ್ದೇವೆ. ಇನ್ನೊಂದು ಕಾರಣವೂ ಉಂಟು; ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಒಂದು ಮಾತಿನ ವಿಚಾರ. ನಮ್ಮ ಕನ್ನಡದಲ್ಲಿ ಮಕ್ಕಳಾಗದ ಹೆಂಗಸಿಗೆ "ಬಂಜೆ" ಎಂಬ ಶಬ್ದವಿದೆ. ಅದೇ ಅರ್ಥದಲ್ಲಿ ಗಂಡಸಿಗೆ ಸಲ್ಲುವ ಶಬ್ದ ಬಳಕೆಯಲ್ಲಿದೆಯೆ ಎಂದು ಯೋಚಿಸಿ ನೋಡಿ. "ಷಂಡ" ಎಂಬುದಕ್ಕೆ ಬೇರೆಯೇ ಅರ್ಥ. ಆರೋಗ್ಯದಿಂದಿದ್ದು, ಸಂಸಾರವನ್ನು ಚೆನ್ನಾಗಿ ನಡೆಸುತ್ತಿದ್ದು, ವೀರ್ಯಾಣುಗಳು ಮಾತ್ರ ಕಡಮೆಯಿರುವ ಗಂಡಸಿಗೆ ಅದು ಒಪ್ಪುವುದಿಲ್ಲ. ಹೀಗೆ ಮಾತಿನಲ್ಲಿಯೇ ತಪ್ಪನ್ನೆಲ್ಲ ಒಂದು ಕಡೆಗೆ ಹೊರಿಸಿ ಇಟ್ಟಿದ್ದೇವೆ. ವೈದ್ಯರು ಹೇಳುವುದು ಬೇರೆ. ಮಕ್ಕಳಾಗದೆ ಅವರ ಬಳಿಗೆ ಬರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಗಂಡನ ಕಡೆಯಲ್ಲಿಯೂ ಕಾರಣವಿರುತ್ತದೆ. ಕೆಲವರಲ್ಲಿ ಇಬ್ಬರ ಕಡೆಯಲ್ಲಿಯೂ ಇರುತ್ತದೆ. ಇನ್ನು ಕೆಲವರಲ್ಲಿ ಯಾವ ಕಾರಣವೂ ಕಾಣಸಿಗುವುದಿಲ್ಲ. ಇದು ಅಪರೂಪದ ಕಷ್ಟವೂ ಅಲ್ಲ. ಪ್ರಪಂಚದಲ್ಲಿ ಆರು ಮಂದಿಗೆ ಒಬ್ಬರು ಬಾಳಿನಲ್ಲಿ ಎಂದಾದರೊಮ್ಮೆ ಇದನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು.

ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲ ಎರಡು ದೊಡ್ಡ ಸಂಸ್ಥೆಗಳು ನಮ್ಮ ಮನೆಯ ಬಾಗಿಲಲ್ಲಿಯೇ ಇವೆ. ಉಪ್ಪಲ್‌ನಿಂದ ಸಿಕಂದರಾಬಾದಿನ ಕಡೆಗೆ ಮೆಟ್ರೋ ರೈಲಿನಲ್ಲಿ ಹೊರಟವರು ಹಬ್ಸಿಗುಡ, ತಾರ್ನಾಕ ನಿಲ್ದಾಣಗಳನ್ನು ದಾಟಿಯೇ ಹೋಗಬೇಕು. ಹಬ್ಸಿಗುಡದ ಈಚೆಗೆ ಇರುವುದು 1977ರಲ್ಲಿ ಆರಂಭವಾದ ಸಿ.ಸಿ.ಎಂ.ಬಿ., ಎಂದರೆ ಜೀವಕೋಶಗಳನ್ನೂ ವಂಶವಾಹಿಗಳನ್ನೂ ಕುರಿತು ಸಂಶೋಧನೆ ನಡೆಸುವ ಕೇಂದ್ರ. ತಾರ್ನಾಕದಲ್ಲಿರುವುದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಇದು 1918ರಲ್ಲಿ ಕೂನೂರಿನಲ್ಲಿ ಡಾಕ್ಟರ್ ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಕೈಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಮೊದಲಾಗಿ, 1958ರಲ್ಲಿ ಹೈದರಾಬಾದಿಗೆ ಬಂತು.

ಒಂದು ಸಂಸ್ಥೆ ನಮ್ಮ ಕೈಯಲ್ಲಿರುವುದನ್ನು ಹೇಳುತ್ತದೆ. ಇನ್ನೊಂದು ನಮ್ಮ ಕೈಯಲ್ಲಿಲ್ಲದ್ದನ್ನು ಹೇಳುತ್ತದೆ. ಕೈಯಲ್ಲಿಲ್ಲದ್ದನ್ನು ಮೊದಲು ನೋಡೋಣ. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ 340 ಮಂದಿ ಭಾರತೀಯ ಗಂಡಸರನ್ನು ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳು ಪರೀಕ್ಷಿಸಿದರು. ತಂದೆಯಿಂದ ಮಗನಿಗೆ ಇಳಿದು ಬರುವ ವೈ ವರ್ಣತಂತುವಿನ ತುಣುಕೊಂದು ನೂರಕ್ಕೆ ಎಂಟು ಮಂದಿಗೂ ಮೇಲ್ಪಟ್ಟು ಜನರಲ್ಲಿ ಇಲ್ಲದಿರುವುದನ್ನು ಅವರು 2003ರಲ್ಲಿ ಪ್ರಕಟಿಸಿದರು. ಅಂಥವನು ಎಷ್ಟು ಹಾಲು ಕುಡಿದರೇನು, ಎಷ್ಟು ವ್ರತ ಹಿಡಿದರೇನು, ಆ ತುಣುಕು ಬೆಳೆಯುವುದಿಲ್ಲ. ಅದು ಅವನ ತಪ್ಪೂ ಅಲ್ಲ. ಅವನ ಹೆಂಡತಿಯ ತಪ್ಪಂತೂ ಅಲ್ಲವೇ ಅಲ್ಲ. ಹಾಗೆಯೇ ಹೆಂಗಸರಲ್ಲಿ ಅಂಡನಾಳಗಳು ಮುಚ್ಚಿಹೋಗಿರಬಹುದು. ನಮ್ಮ ದೇಶದಲ್ಲಿ ಹೊಟ್ಟೆಯೊಳಗಿನ ಕ್ಷಯರೋಗವೂ ಅದಕ್ಕೊಂದು ಕಾರಣ. ಅದನ್ನು ಊಟ ತಿಂಡಿಗಳಿಂದ ತೆರೆಯಲಾಗದು. ಆದಕಾರಣ ಇನ್ನು ಮುಂದೆ ನಾವು ಹೇಳುವ ರೂಢಿಗಳೆಲ್ಲ ಸಂಭವವನ್ನು ಹೆಚ್ಚಿಸುವ ರೂಢಿಗಳೇ ಹೊರತು ಮಗುವಾಗಿಯೇ ತೀರುತ್ತದೆಂಬ ಭರವಸೆಯಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಬೇಕೆಂದು ಪ್ರಾರ್ಥನೆ.

ಈಗ ಕೈಯಲ್ಲಿರುವುದು. ಎಲ್ಲಕ್ಕಿಂತ ಮೊದಲಿನದು ದಿನಗಳ ಲೆಕ್ಕ. ಹೆಂಗಸಿನ ಅಂಡಾಶಯದಿಂದ ತಿಂಗಳಿಗೊಮ್ಮೆ ಒಂದು ಅಂಡಾಣು ಹೊರಬರುತ್ತದೆ. ಅದು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ಗಂಡಸಿನ ವೀರ್ಯಾಣು ಹೆಂಗಸಿನ ಶರೀರದಲ್ಲಿ ಐದು ದಿನಗಳವರೆಗೆ ಬದುಕಿರಬಲ್ಲುದು. ಆದುದರಿಂದ ಗರ್ಭ ನಿಲ್ಲಲು ಅನುಕೂಲವಾದ ದಿನಗಳು ತಿಂಗಳಲ್ಲಿ ಆರೇ ಆರು: ಅಂಡಾಣು ಹೊರಬರುವ ದಿನ, ಮತ್ತು ಅದರ ಹಿಂದಿನ ಐದು ದಿನ. ಆ ದಿನವು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮುಂಚೆ ಬರುತ್ತದೆ. 28 ದಿನಗಳಿಗೆ ಮುಟ್ಟಾಗುವವರಿಗೆ ಅದು ಹದಿನಾಲ್ಕನೆಯ ದಿನದ ಸುಮಾರಿಗೆ. 32 ದಿನಗಳಿಗೆ ಆಗುವವರಿಗೆ ಹದಿನೆಂಟನೆಯ ದಿನದ ಸುಮಾರಿಗೆ. ಮುಟ್ಟಿನ ಮೊದಲ ದಿನವನ್ನು ಒಂದೆಂದು ಎಣಿಸಬೇಕು. ಗೋಡೆಯ ಪಂಚಾಂಗದಲ್ಲಿ ಮೂರು ನಾಲ್ಕು ತಿಂಗಳು ಗುರುತು ಹಾಕಿಕೊಂಡು ಬಂದರೆ ತಮ್ಮ ತಮ್ಮ ಲೆಕ್ಕ ತಿಳಿಯುತ್ತದೆ. ಆ ದಿನಗಳಲ್ಲಿ ದಿನ ಬಿಟ್ಟು ದಿನ ದಂಪತಿಗಳು ಕೂಡಿದರೆ ಸಾಕು. ಅನಂತರ ಹೆಂಗಸು ಇಂಥ ಭಂಗಿಯಲ್ಲಿಯೇ ಮಲಗಿರಬೇಕು, ಏಳಬಾರದು ಎಂಬುದಕ್ಕೆಲ್ಲ ಆಧಾರವಿಲ್ಲ.

ಪರಸ್ಥಳದಲ್ಲಿರುವ ನಮ್ಮಂಥವರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಗಂಡ ಉಪ್ಪಲ್‌ನಲ್ಲಿ, ಹೆಂಡತಿ ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಉಪಾಧ್ಯಾಯಿನಿ. ಶನಿವಾರ ರಾತ್ರಿಯ ಗಾಡಿಗೆ ಹೋಗಿ ಭಾನುವಾರ ರಾತ್ರಿಯ ಗಾಡಿಗೆ ಹಿಂದಿರುಗುವುದು. ವರ್ಗಾವಣೆಯ ನೌಕರಿಯವರಲ್ಲಿ ಇದು ಹೊಸದಲ್ಲ. ಹೀಗೆ ಎರಡು ವರ್ಷ ಕಳೆದ ಮೇಲೆ "ಎರಡು ವರ್ಷವಾದರೂ ಆಗಲಿಲ್ಲ" ಎಂದು ಮನೆಯವರು ಕೊರಗುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ಆರು ದಿನಗಳಲ್ಲಿ ಅವರು ಒಂದೆಡೆ ಇದ್ದ ತಿಂಗಳುಗಳು ಎಷ್ಟೋ! ಅಂಥವರು ಔಷಧಕ್ಕೆ ಹಣ ಸುರಿಯುವ ಮೊದಲು ರಜೆಯ ಅರ್ಜಿಯನ್ನು ಪಂಚಾಂಗ ನೋಡಿ ಬರೆಯುವುದು ಲೇಸು.

ಎರಡನೆಯದು ಆಹಾರ. ಗರ್ಭ ನಿಲ್ಲಿಸುವ ಒಂದೇ ಒಂದು ಹಣ್ಣು, ಒಂದೇ ಒಂದು ಬೇರು ಎಂಬುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಭಾರತೀಯರಿಗೆಂದು 17 ಆಹಾರ ಸೂತ್ರಗಳನ್ನು ಹೊರಡಿಸಿದರು. ಬಗೆಬಗೆಯ ಧಾನ್ಯ, ಬೇಳೆಕಾಳು, ಸೊಪ್ಪು ತರಕಾರಿ, ಹಣ್ಣು, ಹಾಲು ಮೊಸರು ತಟ್ಟೆಯಲ್ಲಿರಬೇಕು. ಉಪ್ಪು, ಸಕ್ಕರೆ, ಎಣ್ಣೆ ಮಿತವಾಗಿರಬೇಕು ಎಂಬುದು ಅವುಗಳ ಸಾರ. ನಮ್ಮ ಊಟವನ್ನು ಬಲ್ಲವರಿಗೆ ಇದೇನು ಹೊಸದೆ? ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಕಾಳಿನ ಉಸುಳಿ, ಶೇಂಗಾ ಚಟ್ನಿ, ಮೊಸರು. ಹಳೆ ಮೈಸೂರಿನ ಕಡೆಯವರಿಗೆ ರಾಗಿ ಮುದ್ದೆ, ಬಸ್ಸಾರು, ಸೊಪ್ಪಿನ ಹುಳಿ. ಮಾಂಸ ಮೀನು ತಿನ್ನುವವರಿಗೆ ಅದೂ ಒಳ್ಳೆಯದೇ. ಇವನ್ನು ಊರಿನಲ್ಲಿ ಬಿಟ್ಟುಬಂದು, ಇಲ್ಲಿ ಬೆಳಗ್ಗೆ ಉಸ್ಮಾನಿಯಾ ಬಿಸ್ಕತ್ತು ಮತ್ತು ಇರಾನಿ ಚಹಾ, ಸಂಜೆ ಮಿರ್ಚಿ ಬಜ್ಜಿ, ರಾತ್ರಿ ಹೊಟೇಲಿನ ಬಿರಿಯಾನಿ ಎಂದು ರೂಢಿ ಮಾಡಿಕೊಂಡರೆ ತಪ್ಪು ಹೈದರಾಬಾದಿನದಲ್ಲ.

ರಕ್ತಹೀನತೆಯ ಮಾತನ್ನು ಇಲ್ಲಿಯೇ ಹೇಳಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಸ್ತ್ರೀಯರಲ್ಲಿ ರಕ್ತಹೀನತೆಯುಳ್ಳವರು ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48, ತೆಲಂಗಾಣದಲ್ಲಿ ನೂರಕ್ಕೆ ಸುಮಾರು 58. ಗರ್ಭ ನಿಂತ ಮೇಲೆ ರಕ್ತ ತುಂಬಿಕೊಳ್ಳೋಣವೆಂದರೆ ತಡವಾಗುತ್ತದೆ. ಮಗುವನ್ನು ಬಯಸುವಾಗಲೇ ರಕ್ತ ಪರೀಕ್ಷೆ ಮಾಡಿಸಿಕೊಂಡು ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆ ನುಂಗಬೇಕು. ಎಲ್ಲರಿಗೂ ಊಟವಾದ ಮೇಲೆ ಉಳಿದದ್ದನ್ನು ತಿನ್ನುವುದು ನಮ್ಮ ಮನೆಗಳ ಹೆಂಗಸರಿಗೆ ಅಭ್ಯಾಸವಾಗಿಹೋಗಿದೆ. ಆ ಅಭ್ಯಾಸವನ್ನು ಬಿಡಿಸುವ ಭಾರ ಗಂಡಸರದು. ಒಟ್ಟಿಗೆ ಕುಳಿತು ಉಣ್ಣುವುದಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಸಣ್ಣ ಮಾತ್ರೆಯುಂಟು. ಫೋಲಿಕ್ ಆಮ್ಲವೆಂದು ಅದರ ಹೆಸರು. ಮಗುವಿನ ಮಿದುಳು, ಬೆನ್ನುಹುರಿಗಳ ಮೊದಲ ರೂಪವು ಗರ್ಭ ನಿಂತ ನಾಲ್ಕೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿಯೆಂದು ಆಗಿನ್ನೂ ಗೊತ್ತೇ ಆಗಿರುವುದಿಲ್ಲ. ಆದ್ದರಿಂದ ಗರ್ಭಕ್ಕೆ ಪ್ರಯತ್ನಿಸುವ ಕಾಲದಿಂದಲೇ, ಕಡಮೆಯೆಂದರೆ ಒಂದು ತಿಂಗಳು ಮೊದಲಿನಿಂದ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ತೆಗೆದುಕೊಳ್ಳಬೇಕು. ಮಗುವಿನ ಬೆನ್ನುಹುರಿಯ ದೋಷಗಳನ್ನು ಇದು ಬಹಳಮಟ್ಟಿಗೆ ತಪ್ಪಿಸುತ್ತದೆಂದು 1991ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ನಿಸ್ಸಂದೇಹವಾಗಿ ತೋರಿಸಿತು. ಸಕ್ಕರೆ ರೋಗ, ಮೂರ್ಛೆರೋಗಗಳಿರುವವರಿಗೆ ಪ್ರಮಾಣ ಬೇರೆಯಾಗಬಹುದು, ವೈದ್ಯರನ್ನೇ ಕೇಳಬೇಕು.

ಮೂರನೆಯದು ಮೈಯ ತೂಕ. ಬಹಳ ತೂಕವೂ ಬಹಳ ಕಡಮೆ ತೂಕವೂ ಹೆಂಗಸರ ಋತುಚಕ್ರವನ್ನು ಕೆಡಿಸುತ್ತವೆ. ಐದಡಿ ಒಂದಂಗುಲ, ಎಂದರೆ 155 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಸುಮಾರು 45ರಿಂದ 55 ಕಿಲೋ ಯೋಗ್ಯ ತೂಕ. ಈಗಿನ ಹುಡುಗಿಯರಲ್ಲಿ ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆ ಹೆಚ್ಚಾಗಿ ಕಾಣುತ್ತಿದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮುಖದ ಮೇಲೆ ಕೂದಲು, ಮೊಡವೆ ಇದರ ಗುರುತುಗಳು. ಇಂಥವರಲ್ಲಿ ತೂಕ ಹೆಚ್ಚಿರುವವರು ಇರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೂ ಮುಟ್ಟು ಸರಿದಾರಿಗೆ ಬರುವುದುಂಟು. 70 ಕಿಲೋ ಇರುವವರು 50ಕ್ಕೆ ಇಳಿಯಬೇಕಾಗಿಲ್ಲ. ನಾಲ್ಕು ಕಿಲೋ ಇಳಿದರೂ ಪ್ರಯೋಜನ ಕಾಣಬಹುದು. ಆದರೆ ಉಪವಾಸ ಬಿದ್ದು ಇಳಿಸಬಾರದು. ಗಂಡಸರೂ ಹೊಟ್ಟೆ ಬೆಳೆಸಿಕೊಂಡರೆ ವೀರ್ಯಾಣುಗಳಿಗೆ ಕುಂದು.

ತೂಕಕ್ಕೆ ಮದ್ದು ನಡಿಗೆ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಎಂದರೆ ವಾರದಲ್ಲಿ ಐದು ದಿನ ಅರ್ಧ ಅರ್ಧ ಗಂಟೆ. ಕಾಲೋನಿಯ ಪಾರ್ಕಿನ ಸುತ್ತ ಗಂಡ ಹೆಂಡಿರು ಜೊತೆಯಾಗಿ ನಡೆದರೆ ದಿನವಿಡೀ ಆಡಲು ಬಿಡುವಾಗದ ಮಾತುಗಳನ್ನೂ ಆಡಿದಂತಾಗುತ್ತದೆ. ನಿದ್ದೆಯೂ ಮುಖ್ಯ. ಉಪ್ಪಲ್‌ನ ಕಾರ್ಖಾನೆಗಳಲ್ಲಿಯೂ ಕಂಪನಿಗಳಲ್ಲಿಯೂ ರಾತ್ರಿ ಪಾಳಿಯಲ್ಲಿ ದುಡಿಯುವವರು ನಮ್ಮಲ್ಲಿ ಹಲವರಿದ್ದಾರೆ. ಪಾಳಿ ಬದಲಾಗುತ್ತಿದ್ದರೆ ಕೆಲವು ಸ್ತ್ರೀಯರಲ್ಲಿ ಮುಟ್ಟು ಏರುಪೇರಾಗುವುದುಂಟು. ಕೆಲಸ ಬಿಡಿರೆಂದು ಹೇಳುವುದು ಸುಲಭ, ಬಾಡಿಗೆ ಕಟ್ಟುವವರು ಯಾರು? ಆದರೆ ಕೆಲವು ತಿಂಗಳ ಮಟ್ಟಿಗೆ ಹಗಲು ಪಾಳಿಯನ್ನು ಕೇಳಿ ನೋಡಬಹುದು.

ನಾಲ್ಕನೆಯದು ಗಂಡಸರಿಗೆ, ದಯಮಾಡಿ ಸ್ವಲ್ಪ ಗಮನವಿಟ್ಟು ಕೇಳಬೇಕು. ವೀರ್ಯಾಣುವೊಂದು ಮೊಳೆತು ಬಲಿಯಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕು. ಆದುದರಿಂದ ಇಂದು ಬಿಟ್ಟ ಚಟದ ಫಲ ಮೂರು ತಿಂಗಳ ಮೇಲೆ ಕಾಣುತ್ತದೆ. ಬಿಡಬೇಕಾದವುಗಳಲ್ಲಿ ಮೊದಲನೆಯದು ತಂಬಾಕು. ನಮ್ಮ ದೇಶದ ವಯಸ್ಕ ಗಂಡಸರಲ್ಲಿ ನೂರಕ್ಕೆ 42 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರೆಂದು 2016–17ರ ಸಮೀಕ್ಷೆ ಹೇಳಿತು. ಸಿಗರೇಟು ಬೀಡಿಗಳಷ್ಟೇ ಅಲ್ಲ, ಜರ್ದಾ, ಗುಟ್ಕಾಗಳೂ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತವೆ. ಸಿಗರೇಟು ಸೇದುವ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲವೇ ಒಂದರಿಂದ ನಾಲ್ಕು ವರ್ಷ ಮುಂದಾಗಿ ಬರುತ್ತದೆ. ಗಂಡ ಮನೆಯೊಳಗೆ ಬಿಟ್ಟ ಹೊಗೆಯೂ ಹೆಂಡತಿಗೆ ಒಳ್ಳೆಯದಲ್ಲ.

ಮದ್ಯವನ್ನು ಮಗು ಬಯಸುವ ಹೆಂಗಸು ಮುಟ್ಟದಿರುವುದೇ ಕ್ಷೇಮ. ಹೆಚ್ಚು ಕುಡಿಯುವ ಗಂಡಸಿಗೂ ಅದು ಕೇಡು. ಕಾಫಿಯನ್ನು ಬಿಡಿರೆಂದು ಕನ್ನಡಿಗರ ಸಭೆಯಲ್ಲಿ ಹೇಳುವಷ್ಟು ಧೈರ್ಯ ನಮಗಿಲ್ಲ, ಬಿಡಬೇಕಾಗಿಯೂ ಇಲ್ಲ. ಹೆಂಗಸರು ದಿನಕ್ಕೆ ಎರಡು ಸಣ್ಣ ಲೋಟಗಳಿಗೆ ನಿಲ್ಲಿಸಿದರೆ ಸಾಕು. ಚಹಾವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವೃಷಣಗಳು ಶರೀರದ ಹೊರಗಿರುವುದೇ ಅವು ತಂಪಾಗಿರಲೆಂದು. ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಮೆ ಶಾಖದಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಲ್ಯಾಪ್‌ಟಾಪನ್ನು ಗಂಟೆಗಟ್ಟಲೆ ತೊಡೆಯ ಮೇಲಿಟ್ಟುಕೊಳ್ಳುವುದು, ಬಿಗಿಯಾದ ಒಳ ಉಡುಪು, ಬಿಸಿನೀರಿನ ತೊಟ್ಟಿಯಲ್ಲಿ ಕುಳಿತಿರುವುದು ಒಳ್ಳೆಯದಲ್ಲ. ಕುಲುಮೆ, ಬಾಯ್ಲರು, ಬೇಕರಿಯ ಒಲೆಗಳ ಮುಂದೆ ದುಡಿಯುವವರು ನಡುನಡುವೆ ತಂಪಿಗೆ ಬರಬೇಕು. ತರುಣರಿಗೆ ಇನ್ನೊಂದು ಎಚ್ಚರಿಕೆ: ಮೈ ಉಬ್ಬಿಸಲೆಂದು ಕೆಲವು ವ್ಯಾಯಾಮಶಾಲೆಗಳಲ್ಲಿ ಗುಟ್ಟಾಗಿ ಕೊಡುವ ಹಾರ್ಮೋನಿನ ಚುಚ್ಚುಮದ್ದು ತೋಳನ್ನು ದಪ್ಪಗಾಗಿಸಿ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲುದು. ಗಂಡಸುತನಕ್ಕೆಂದು ಹೋಗಿ ತಂದೆತನವನ್ನು ಕಳೆದುಕೊಂಡಂತಾಗುತ್ತದೆ.

ಐದನೆಯದು ಮುಂಜಾಗ್ರತೆಯ ಪರೀಕ್ಷೆ. ಮಗುವಿಗೆ ಪ್ರಯತ್ನಿಸುವ ಮೊದಲೇ ಹೆಂಗಸು ರಕ್ತ, ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದೊಳ್ಳೆಯದು. ರುಬೆಲ್ಲಾ ಲಸಿಕೆ ಹಾಕಿಸಿರದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ಗರ್ಭವನ್ನು ಮುಂದೂಡಬೇಕು. ದಿನನಿತ್ಯ ಯಾವುದಾದರೂ ಔಷಧ ತೆಗೆದುಕೊಳ್ಳುವವರು ತಾವಾಗಿಯೇ ಅದನ್ನು ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಈಗ ಕೊನೆಯ ರೂಢಿ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅದು ತಡಮಾಡದಿರುವ ರೂಢಿ. ಎಳೆಯ ವಯಸ್ಸಿನ, ಆರೋಗ್ಯವಂತರಾದ ದಂಪತಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಆದುದರಿಂದ ಮೂರು ತಿಂಗಳಿಗೇ ಗಾಬರಿಯಾಗಬೇಕಾಗಿಲ್ಲ. ಒಂದು ವರ್ಷ ಕಳೆದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ವರ್ಷ ತುಂಬಿದ್ದರೆ ಆರೇ ತಿಂಗಳಿಗೆ ಕಾಣಬೇಕು. ಏಕೆಂದರೆ ಆ ವಯಸ್ಸಿನಿಂದಾಚೆಗೆ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತವೆ. 40 ದಾಟಿದ್ದರೆ, ಅಥವಾ ಮುಟ್ಟು ಸರಿಯಿಲ್ಲದಿದ್ದರೆ, ಕಾಯಲೇಬಾರದು. ಮತ್ತು ಇಬ್ಬರೂ ಒಟ್ಟಿಗೆ ಹೋಗಬೇಕು. ಹೆಂಗಸಿನ ಪರೀಕ್ಷೆಗಳು ಹಲವು; ಕೆಲವು ನೋವಿನವು. ಗಂಡಸಿನ ಮೊದಲ ಪರೀಕ್ಷೆ ಒಂದೇ, ವೀರ್ಯದ ಪರೀಕ್ಷೆ. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಅಲ್ಪ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಕೊಟ್ಟು ಬಂದರಾಯಿತು. ಇಷ್ಟು ಸುಲಭವಾದದ್ದನ್ನು ಎಲ್ಲಕ್ಕಿಂತ ಮೊದಲು ಮಾಡಿಸುವುದು ನ್ಯಾಯ. ನಾವು ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ.

ನಾವು ಎಂದು ಸುಮ್ಮನೆ ಹೇಳಲಿಲ್ಲ. ಆಗಲೇ ಹೇಳುತ್ತೇವೆಂದ ಎರಡನೆಯ ಕಾರಣವೇ ಇದು. ನಮಗೆ ಮದುವೆಯಾಗಿ ಏಳು ವರ್ಷವಾಯಿತು. ಎರಡು ವರ್ಷ ಕಳೆದ ಮೇಲೆ ನಮ್ಮ ಮನೆಯವರನ್ನು ಮೂರು ಕಡೆ ತೋರಿಸಿದೆವು. ರಕ್ತ ಕೊಟ್ಟವರು ಅವರು, ಉಪವಾಸವಿದ್ದವರು ಅವರು, ಸೋಮವಾರದ ವ್ರತ ಹಿಡಿದವರು ಅವರು. ವೈದ್ಯರೊಬ್ಬರು ನಮ್ಮ ಹೆಸರಿಗೂ ಒಂದು ಪರೀಕ್ಷೆಯ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಹನ್ನೊಂದು ತಿಂಗಳು ನಮ್ಮ ಜೇಬಿನ ದಿನಚರಿ ಪುಸ್ತಕದಲ್ಲಿತ್ತು. ಪುಟ ತಿರುವಿದಾಗಲೆಲ್ಲ ಕಾಣುತ್ತಿತ್ತು. ಆಡಿಟ್ಟು ಮುಗಿಯಲಿ, ಮಾರ್ಚಿ ಕಳೆಯಲಿ ಎಂದು ಮುಚ್ಚಿಡುತ್ತಿದ್ದೆವು. ಗ್ರಾಹಕನ ಚೆಕ್ಕನ್ನು ಹನ್ನೊಂದು ತಿಂಗಳು ಇಟ್ಟುಕೊಂಡ ಗುಮಾಸ್ತನನ್ನು ಬ್ಯಾಂಕು ಸುಮ್ಮನೆ ಬಿಟ್ಟೀತೆ? ನಮ್ಮನ್ನು ಕೇಳುವವರಿರಲಿಲ್ಲ, ಕೇಳಬೇಕಾದವರು ನಮ್ಮ ಮೇಲಿನ ಗೌರವದಿಂದ ಸುಮ್ಮನಿದ್ದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಕುಂದು ನಮ್ಮ ಕಡೆಯಲ್ಲಿಯೂ ಇತ್ತು. ದಿನಕ್ಕೆ ಐದಾರು ಜರ್ದಾ ಪಾನ್ ನಮ್ಮ ರೂಢಿಯಾಗಿತ್ತು, ಅಂದಿಗೆ ಬಿಟ್ಟೆವು. ನಾಲ್ಕು ತಿಂಗಳ ಮೇಲಿನ ಪರೀಕ್ಷೆ ಮೊದಲಿಗಿಂತ ವಾಸಿಯಾಗಿತ್ತು. ಮಗು ಇನ್ನೂ ಆಗಿಲ್ಲ, ಚಿಕಿತ್ಸೆ ನಡೆದಿದೆ. ಮುಂದೆ ಆದೀತು, ಆಗದೆಯೂ ಇದ್ದೀತು. ಆದರೆ ಆ ಹನ್ನೊಂದು ತಿಂಗಳನ್ನು ಮನೆಯವರ ವಯಸ್ಸಿನಿಂದ ಕಳೆದುಕೊಡುವ ಶಕ್ತಿ ನಮಗಿಲ್ಲ. ಇದನ್ನು ಇಲ್ಲಿ ಹೇಳಲು ಅವರ ಒಪ್ಪಿಗೆಯನ್ನು ಪಡೆದೇ ಬಂದಿದ್ದೇವೆ. ಅಳುಕುತ್ತಲೇ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಚೀಟಿ ಮಾತೂ ಹೇಳ್ರಿ." ಹೇಳಿದ್ದೇವೆ.

ಹಣದ ವಿಷಯವಾಗಿ ಗುಮಾಸ್ತರಾಗಿ ಎರಡು ಮಾತು. ಹೆಂಗಸರ ಬಂಜೆತನವನ್ನು ವಾಸಿಮಾಡುವೆವೆಂಬ ಔಷಧಗಳ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಗೋಡೆಗಳ ಮೇಲೆ ಅಂಥದು ಕಂಡರೆ ಆ ಔಷಧಕ್ಕಾಗಿ ಬಳೆಗಳನ್ನು ಅಡವಿಡಬೇಡಿರಿ. ಪ್ರಯೋಗಶಾಲೆಯಲ್ಲಿ ಗರ್ಭ ಕಟ್ಟಿಸುವ ಚಿಕಿತ್ಸೆಗೆ 2021ರ ಕಾನೂನೊಂದು ಇದೆ. ಅದರಂತೆ ಚಿಕಿತ್ಸಾಲಯವು ನೋಂದಣಿಯಾಗಿರಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷಗಳ ವಯೋಮಿತಿಯೂ ಉಂಟು. ನೋಂದಣಿ ಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಡಿರಿ. ಒಟ್ಟು ವೆಚ್ಚವೆಷ್ಟು, ತಮ್ಮ ವಯಸ್ಸಿನವರಿಗೆ ಫಲಿಸುವ ಸಂಭವವೆಷ್ಟು ಎಂಬುದನ್ನು ಬರೆಯಿಸಿಕೊಂಡು ಮುಂದುವರಿಯಿರಿ. ಸಾಲ ತೆಗೆದುಕೊಳ್ಳುವವರು ಎಷ್ಟು ಪ್ರಯತ್ನಗಳವರೆಗೆ ಹೋಗುವೆವೆಂದು ಮೊದಲೇ ಇಬ್ಬರೂ ಕುಳಿತು ನಿರ್ಧರಿಸಿಕೊಳ್ಳಬೇಕು.

ಇಷ್ಟು ಹೊತ್ತು ದಂಪತಿಗಳ ರೂಢಿಗಳನ್ನು ಹೇಳಿದೆವು. ಸುತ್ತಲಿರುವ ನಮ್ಮೆಲ್ಲರ ರೂಢಿಯೊಂದು ಉಳಿದಿದೆ. ತವರು ಮುನ್ನೂರು ಮೈಲಿ ದೂರವಿರುವ ಹುಡುಗಿಗೆ ಈ ಊರಿನಲ್ಲಿ ತವರೆಂದರೆ ನಮ್ಮ ಸಂಘವೇ. ಅವಳು ಸೀರೆಯುಟ್ಟು ನಗುನಗುತ್ತ ಇಲ್ಲಿಗೆ ಬಂದರೆ ಕಲಬುರಗಿಯ ಹಿರಿಯರು "ಏನರೆ ವಿಶೇಷ ಅದ ಏನವ್ವಾ?" ಎನ್ನುತ್ತಾರೆ, ಮೈಸೂರಿನ ಹಿರಿಯರು "ಏನಮ್ಮಾ, ಏನಾದರೂ ವಿಶೇಷವೇ?" ಎನ್ನುತ್ತಾರೆ, ಮನೆಗೆ ಹಿಂದಿರುಗಿದರೆ ನೆರೆಮನೆಯ ತೆಲುಗಿನವರೂ "ವಿಶೇಷಮಾ?" ಎಂದೇ ಕೇಳುತ್ತಾರೆ. ಮೂರೂ ಕಡೆಯವರು ಪ್ರೀತಿಯಿಂದಲೇ ಕೇಳುತ್ತಾರೆಂಬುದರಲ್ಲಿ ಸಂಶಯವಿಲ್ಲ. ಆದರೆ ಮುಂದಿನ ಕೂಟಕ್ಕೆ ಆ ಹುಡುಗಿ ಬರುವುದಿಲ್ಲ. ತಲೆನೋವೆಂದು ಹೇಳಿ ಕಳುಹಿಸುತ್ತಾಳೆ. ಕೊರಗು ಒಂದರಿಂದಲೇ ಗರ್ಭ ನಿಲ್ಲುವುದಿಲ್ಲವೆಂದು ಯಾರೂ ಸಿದ್ಧಪಡಿಸಿಲ್ಲ. ಆದರೆ ಕೊರಗುವವರಿಗೆ ಊಟ ಸೇರದು, ನಿದ್ದೆ ಬಾರದು, ವೈದ್ಯರ ಬಳಿಗೆ ಹೋಗಲು ಮನಸ್ಸಾಗದು. ಇಷ್ಟನ್ನು ನಾವು ಮನೆಯಲ್ಲಿಯೇ ಕಂಡಿದ್ದೇವೆ.

ಆದಕಾರಣ ಸಂಘದ ಮುಂದೆ ನಮ್ಮದೊಂದು ವಿಜ್ಞಾಪನೆ. ಅರಿಶಿನ ಕುಂಕುಮಕ್ಕೆ, ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಕರೆಯುವಾಗ ಮಕ್ಕಳಾದವರು, ಆಗದವರು ಎಂದು ಎಣಿಸದೆ ಎಲ್ಲರನ್ನೂ ಕರೆಯಿರಿ. ಉಡಿ ತುಂಬುವಾಗ ಒಂದೇ ಸಾಲಿನಲ್ಲಿ ಎಲ್ಲರಿಗೂ ತುಂಬಿರಿ. "ವಿಶೇಷವೇ?" ಎಂಬುದರ ಬದಲು "ಊಟವಾಯಿತೆ? ಆರೋಗ್ಯವೆ?" ಎಂದು ಕೇಳಿರಿ. ವಿಶೇಷವಿದ್ದರೆ ಅವರೇ ಸಕ್ಕರೆ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಆಗ ಎರಡು ಹಿಡಿ ಕಸಿದುಕೊಂಡೇ ತಿನ್ನೋಣ. ಇನ್ನು ಯಾರ ಜೇಬಿನಲ್ಲಾದರೂ ನಮ್ಮಂತೆಯೇ ಒಂದು ಚೀಟಿ ಕುಳಿತಿದ್ದರೆ, ಅಂಥ ಸೋದರರು ನಾಳೆ ಬೆಳಗ್ಗೆಯೇ ಅದನ್ನು ಹೊರಗೆ ತೆಗೆಯಲಿ. ಜೊತೆಗೆ ಯಾರಾದರೂ ಬೇಕೆನಿಸಿದರೆ ನಮ್ಮನ್ನು ಕರೆಯಲಿ. ಅರ್ಧ ದಿನದ ರಜೆ ಹಾಕಿ ಬರುತ್ತೇವೆ.